ಧರೆಯ ಮೇಲಿನ ಗುಂಡಿಗಳು

ಮನೆ ನೋಡಲು ಹೋದವರು ಮೊದಲು ಮನೆ ನೋಡಬೇಕಲ್ಲ? ಬೆಳ್ಳಿಯಪ್ಪ ಹಾಗೆ ಮಾಡಲಿಲ್ಲ. ಜೀಪು ನಿಂತದ್ದೇ ತಡ, ಪಂಚೆ ಮೇಲಕ್ಕೆ ಕಟ್ಟಿಕೊಂಡು ಮನೆಯ ಹಿಂದಿನ ಗುಡ್ಡ ಹತ್ತಿ ಕಾಫಿ ಗಿಡಗಳ ನಡುವೆ ಮರೆಯಾದ. ಮೂವತ್ನಾಲ್ಕು ವರ್ಷ ಮೂಡಿಗೆರೆ ಕಡೆಯ ಒಂದು ದೊಡ್ಡ ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ಆಳುಗಳ ಹಾಜರಿ ಬರೆದು, ಯಾವ ಸಾಲಿಗೆ ಯಾವಾಗ ಗೊಬ್ಬರ, ಯಾವಾಗ ನೆರಳುಮರದ ಕೊಂಬೆ ಕಡಿಯುವ ಮರಗಸಿ ಎಂದು ಮೇಸ್ತ್ರಿಗೆ ಹೇಳಿ ಹೇಳಿ, ಎಲ್ಲಿಗೆ ಹೋದರೂ ಅವನ ಕಣ್ಣಿಗೆ ಮನುಷ್ಯರಿಗಿಂತ ಮೊದಲು ಗಿಡ ಬೀಳುತ್ತಿತ್ತು. ಅಂಗಳದಲ್ಲಿ ಉಳಿದವರು ಮೂವರು: ಅವನ ಹೆಂಡತಿ ದೇವೀರಮ್ಮ, ಮನೆ ಮಾರಲು ಹೊರಟ ಷಡಕ್ಷರಿ, ಜೀಪು ತಂದ ಗುಲಾಮ್ ಮುಸ್ತಫಾ.

ಎರಡು ಸಾವಿರದ ಏಳನೇ ಇಸವಿ, ಏಪ್ರಿಲ್ ತಿಂಗಳು. ಅತ್ತಿಗುಂಡಿಯಿಂದ ಸ್ವಲ್ಪ ಮೇಲೆ, ಚಿಕ್ಕಮಗಳೂರಿನಿಂದ ಗಿರಿಗೆ ಹೋಗುವ ದಾರಿಯಿಂದ ಒಳಗೆ ತಿರುಗಿದರೆ ಸಿಗುವ ಮನೆ. ನಾಲ್ಕು ಕೋಣೆ, ಎರಡು ಎಕರೆ ಅರೇಬಿಕಾ, ಎದುರಿಗೆ ಕಣ್ಣು ಹರಿಯುವಷ್ಟು ದೂರ ಕಣಿವೆ. ಆ ದಾರಿಯಲ್ಲಿ ಆಗ ವಾರಕ್ಕೊಂದು ಹೋಂಸ್ಟೇ ಬೋರ್ಡು ಏಳುತ್ತಿತ್ತು. ಎರಡು ಕೋಣೆಯಲ್ಲಿ ತಾವಿದ್ದು, ಎರಡನ್ನು ಬಂದವರಿಗೆ ಕೊಟ್ಟರೆ ಕೊನೆಗಾಲದವರೆಗೆ ಯಾರ ಮುಂದೂ ಕೈ ಚಾಚಬೇಕಾಗಿಲ್ಲ ಎಂದು ಗಂಡಹೆಂಡತಿ ಲೆಕ್ಕ ಹಾಕಿದ್ದರು. ಬೆಳ್ಳಿಯಪ್ಪನಿಗೆ ರಿಟೈರ್ ಆಗಿತ್ತು. ಜೂನ್ ಮುಗಿಯುವುದರೊಳಗೆ ಕ್ವಾರ್ಟರ್ಸ್ ಬಿಡಬೇಕು. ಅವನ ಪಿ.ಎಫ್. ಹಣ, ಅವಳ ಅವಲಕ್ಕಿ ಸರ, ನಾಲ್ಕು ಬಳೆ, ಇವಿಷ್ಟೂ ಸೇರಿದರೆ ಒಂದೇ ಒಂದು ಮನೆ. ಅದು ಕೈತಪ್ಪಿದರೆ ಇನ್ನೊಂದು ಕೊಳ್ಳುವ ಶಕ್ತಿ ಈ ಜನ್ಮದಲ್ಲಿಲ್ಲ. ಒಡವೆ ಅವಳದ್ದಾದ್ದರಿಂದ ಪತ್ರವೂ ಅವಳ ಹೆಸರಿಗೇ ಆಗಬೇಕೆಂದು ಬೆಳ್ಳಿಯಪ್ಪನೇ ಹೇಳಿದ್ದ.

ಆ ಮನೆ ಅವನಿಗಿಂತ ಅವಳಿಗೇ ಹೆಚ್ಚು ಬೇಕಾಗಿತ್ತು. ಮದುವೆಯಾಗಿ ಬಂದಾಗಿನಿಂದ ಇದ್ದದ್ದು ಎಸ್ಟೇಟಿನ ಕ್ವಾರ್ಟರ್ಸಿನಲ್ಲಿ. ಬಾಗಿಲಿಗೆ ಯಾವ ಬಣ್ಣ ಹೊಡೆಯಲಿ ಎಂದು ಒಂದು ಸಲವಾದರೂ ಯಾರೂ ಅವಳನ್ನು ಕೇಳಿರಲಿಲ್ಲ.

"ಬನ್ನಿ ತಾಯಿ, ಒಳಗೆ ಬನ್ನಿ. ಈ ಕಿಟಕಿಯಲ್ಲಿ ನಿಂತು ನೋಡಿ," ಎಂದ ಷಡಕ್ಷರಿ. ಐವತ್ತು ದಾಟಿದ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಷರಟು, ಮೈಯಿಂದ ಅತ್ತರಿನ ಘಮ. "ಬೆಳಗ್ಗೆ ಮಂಜು ಇಲ್ಲಿ ಕಾಲಡಿಗೆ ಬರುತ್ತೆ. ನೋಡಿದವ್ರು ಎರಡು ದಿನಕ್ಕೆ ಅಂತ ಬಂದು ನಾಲ್ಕು ದಿನ ಉಳೀತಾರೆ."

ಕಿಟಕಿಯೇನೋ ಚೆಂದವಾಗಿತ್ತು. ಅಡುಗೆಮನೆಯಲ್ಲಿ ಬೆಳಕಿತ್ತು. ಒಲೆ ಎಲ್ಲಿ, ರುಬ್ಬುವ ಕಲ್ಲು ಎಲ್ಲಿ ಎಂದು ಅವಳ ಮನಸ್ಸು ಆಗಲೇ ಸಾಮಾನು ಜೋಡಿಸತೊಡಗಿತು. ಹಿಂದಿನ ಎರಡು ಕೋಣೆಗೆ ಕಾಲಿಟ್ಟಾಗ ಮಾತ್ರ ಮೂಗಿಗೆ ಏನೋ ಬಡಿಯಿತು. ಹೊಸ ಬಣ್ಣದ ವಾಸನೆ, ಅದರ ಅಡಿಯಲ್ಲಿ ಹಸಿ ಮಣ್ಣಿನ ವಾಸನೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಇಪ್ಪತ್ತು ದಿನವಾಗಿತ್ತು; ಹೊರಗೆ ನೆಲ ಬಿರುಕು ಬಿಡುವಷ್ಟು ಒಣಗಿತ್ತು. ಕೋಣೆಯಲ್ಲಿದ್ದ ಕಬ್ಬಿಣದ ಬೀರುವಿನ ಎರಡು ಕಾಲಿಗೆ ಮರದ ಚಕ್ಕೆ ಕೊಟ್ಟಿದ್ದರು. ಬಾಗಿಲ ಕೆಳಅಂಚನ್ನು ಬಡಗಿ ಇತ್ತೀಚೆಗೆ ಹೆರೆದಿದ್ದ. ಹಸಿ ಮರದ ಬಿಳುಪು ಇನ್ನೂ ಮಾಸಿರಲಿಲ್ಲ. ಅವಳು ಎಲ್ಲವನ್ನೂ ನೋಡಿದಳು. ನೋಡಿಯೂ, ಹಳೆಯ ಮನೆ ಅಂದಮೇಲೆ ಇಷ್ಟು ಇದ್ದೇ ಇರುತ್ತೆ ಎಂದು ತನಗೆ ತಾನೇ ಹೇಳಿಕೊಂಡಳು. ಮನೆಗೆ ಎಂಟು ವರ್ಷವೂ ಆಗಿರಲಿಲ್ಲ.

ಅಡುಗೆಮನೆಯಲ್ಲಿ ಮನೆ ನೋಡಿಕೊಳ್ಳುವ ತಿಮ್ಮಮ್ಮ ಕಾಫಿ ಸೋಸುತ್ತಿದ್ದಳು.

"ಹಿಂದಿನ ಕೋಣೆಗಳಲ್ಲಿ ಮಂಚ ಇದೆ, ಹಾಸಿಗೆ ಇಲ್ವಲ್ಲ ತಿಮ್ಮಮ್ಮ?"

"ಅಲ್ಲಿ ಯಾರೂ ಮಲಗಲ್ಲ ಅಮ್ಮ. ಎರಡು ಮಳೆಗಾಲ ಆಯ್ತು, ಅವತ್ತಿಂದ..."

"ತಿಮ್ಮಮ್ಮಾ!" ಹಜಾರದಿಂದ ಷಡಕ್ಷರಿಯ ದನಿ ಬಂತು. "ಕಾಫಿ ಎಲ್ಲಿ? ಬೀಜ ಬಿತ್ತಿ ಬೆಳೆಸ್ತಾ ಇದ್ದೀಯಾ?"

ತಿಮ್ಮಮ್ಮ ಲೋಟಗಳನ್ನು ತಟ್ಟೆಗೆ ಇಟ್ಟುಕೊಂಡು ಹೋದಳು. ಆಮೇಲೆ ಅವಳು ದೇವೀರಮ್ಮನ ಕಡೆ ತಲೆ ಎತ್ತಿ ನೋಡಲಿಲ್ಲ.

ಮುಸ್ತಫಾ ಮನೆಯ ಸುತ್ತ ಒಂದು ಸುತ್ತು ಹಾಕಿ ಬಂದಿದ್ದ. ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದೆ ಅವನ ಗ್ಯಾರೇಜು. ಎಸ್ಟೇಟಿನ ಜೀಪುಗಳೆಲ್ಲ ಅವನ ಕೈಯಲ್ಲೇ ಹಣ್ಣಾದವು. ದೇವೀರಮ್ಮನನ್ನು ಪಕ್ಕಕ್ಕೆ ಕರೆದು, "ಅಕ್ಕ, ಒಂದು ಮಾತು ಹೇಳ್ಲಾ? ಈ ಮನೆಗೆ ಆಕ್ಸಿಡೆಂಟ್ ಆಗಿದೆ," ಎಂದ.

"ಮನೆಗೆ ಎಂಥ ಆಕ್ಸಿಡೆಂಟ್ ಮಾರಾಯ, ಅದೇನು ರಸ್ತೆಗೆ ಇಳಿಯುತ್ತಾ?"

"ನಗ್ಬೇಡಿ. ಗಾಡಿ ಮಾರೋಕೆ ತಂದಾಗ ಒಂದು ಬದಿ ಮಾತ್ರ ಹೊಸ ಪೇಂಟ್ ಇದ್ರೆ ನಾವು ಎಂಥ ತಿಳ್ಕೊಳ್ತೀವಿ? ಆ ಬದಿ ಹೊಡೆಸ್ಕೊಂಡಿದೆ ಅಂತ. ಇಲ್ಲಿ ಮುಂದೆ ಎಲ್ಲ ಹಳೇ ಸುಣ್ಣ. ಹಿಂದಿನ ಗೋಡೆಗೆ ಮಾತ್ರ ಹೊಸ ಬಣ್ಣ. ಧರೆಗೆ ಕಟ್ಟಿದ ತಡೆಗೋಡೆಯೂ ಹೊಸದು."

ಮನೆ ಕಟ್ಟಲು ಗುಡ್ಡವನ್ನು ನೇರವಾಗಿ ಕಡಿದಾಗ ಹಿಂದೆ ಮಣ್ಣಿನ ಗೋಡೆಯಂತೆ ನಿಲ್ಲುತ್ತದಲ್ಲ, ಅದೇ ಧರೆ. ಇಲ್ಲಿ ಅದು ಮನೆಯ ಮಾಡಿಗಿಂತ ಎತ್ತರವಾಗಿ, ಎರಡು ಮಾರು ದೂರದಲ್ಲಿ ನಿಂತಿತ್ತು. ದೇವೀರಮ್ಮ ಅತ್ತ ನೋಡುವಷ್ಟರಲ್ಲಿ ಬೆಳ್ಳಿಯಪ್ಪ ಮೇಲಿನಿಂದ ಇಳಿದು ಬಂದ. ಮುಖ ಅರಳಿತ್ತು.

"ಏನೇ, ಬಾ ಮಾರಾಯ್ತಿ, ಮೇಲೆ ಹತ್ತಿ ನೋಡು! ಎಂಥ ತೊಟ್ಟಿಲು ಗುಂಡಿ! ಸಾಲು ಸಾಲಿಗೂ ಗುಂಡಿ, ಹೂಳು ತೆಗೆದು ಚೊಕ್ಕ ಮಾಡಿ ಇಟ್ಟಿದ್ದಾರೆ. ಒಂದು ಹನಿ ನೀರು ಹೊರಗೆ ಹೋಗಲ್ಲ. ಷಡಕ್ಷರಿಯವ್ರೇ, ತೋಟ ಅಂದ್ರೆ ಹೀಗಿರ್ಬೇಕು."

"ಅದು ಗೊತ್ತಾಗೋದು ನಿಮ್ಮಂಥವ್ರಿಗೆ ಮಾತ್ರ ರೈಟ್ರೇ," ಎಂದ ಷಡಕ್ಷರಿ. "ಬೇರೆಯವ್ರು ಬಂದು ಬಾತ್ರೂಮ್ ನೋಡಿ ಹೋಗ್ತಾರೆ."

ಕಾಫಿ ಸಾಲುಗಳ ನಡುವೆ ತೊಟ್ಟಿಲಿನಷ್ಟು ಉದ್ದದ ಗುಂಡಿ ತೋಡಿ ಬಿಟ್ಟರೆ ಮಳೆನೀರು ಇಳಿಜಾರಿನಲ್ಲಿ ಹರಿದು ಹೋಗದೆ ಅಲ್ಲೇ ನಿಂತು ಇಂಗುತ್ತದೆ. ಬೇಸಿಗೆಗೆ ಗಿಡ ಬಾಡುವುದಿಲ್ಲ. ಗುಂಡಿ ನೋಡಿಯೇ ತೋಟದ ಯಜಮಾನ ಎಂಥವನೆಂದು ಹೇಳುವುದು ಬೆಳ್ಳಿಯಪ್ಪನ ಅಭ್ಯಾಸ. ಗುಂಡಿ ಇಷ್ಟು ಅಚ್ಚುಕಟ್ಟಾಗಿಟ್ಟವನು ಮನೆಯನ್ನು ಕೆಡಿಸಿಟ್ಟಾನೆಯೇ ಎಂಬುದು ಅವನ ವಾದ. ಆ ವಾರವೇ ಕರಾರು ಪತ್ರವಾಯಿತು. ಒಡವೆ ಮಾರಿದ ಹಣ ಮುಂಗಡವಾಗಿ ಹೋಯಿತು. ಜೂನ್ ಐದರೊಳಗೆ ರಿಜಿಸ್ಟರ್ ಆಗದಿದ್ದರೆ ಮುಂಗಡ ವಾಪಸ್ಸಿಲ್ಲ ಎಂಬ ಸಾಲಿಗೂ ಬೆಳ್ಳಿಯಪ್ಪ ತಲೆಯಾಡಿಸಿದ.

ಅಷ್ಟಕ್ಕೇ ನಿಲ್ಲಲಿಲ್ಲ. ಮನೆಯ ನೆತ್ತಿಯ ಮೇಲೆಯೇ, ಧರೆಯ ಅಂಚಿಗೆ ಹೊಂದಿದ ಒಂದು ಸಾಲಿನಲ್ಲಿ ಗುಂಡಿ ಇರಲಿಲ್ಲ. ಅದು ಅವನ ಕಣ್ಣಿಗೆ ಹಲ್ಲು ಉದುರಿದ ಬಾಯಿಯಂತೆ ಕಂಡಿರಬೇಕು. ಮೇ ಮೊದಲ ವಾರ ಮತ್ತೊಂದು ಮಳೆ ಬಿದ್ದು ನೆಲ ಮೆದುವಾದದ್ದೇ, ಹಳೆಯ ಪರಿಚಯದ ನಾಲ್ಕು ಆಳು ಕಳಿಸಿ ಇಪ್ಪತ್ತೆರಡು ಗುಂಡಿ ತೋಡಿಸಿಬಿಟ್ಟ. ಷಡಕ್ಷರಿ ಬೇಡವೆನ್ನಲಿಲ್ಲ. "ನಿಮ್ಮದೇ ತೋಟ ಅಂದ್ಕೊಳ್ಳಿ," ಎಂದನಂತೆ.

ಇನ್ಶೂರೆನ್ಸಿನ ಕಾಗದ ಹಿಡಿದುಕೊಂಡು ಚಿಕ್ಕಮಗಳೂರಿಗೆ ಹೋದದ್ದು ಅದಾದ ಮೇಲೆ. "ಮನೆಗೆ ಇನ್ಶೂರೆನ್ಸ್ ಇದೆ, ಅದನ್ನೂ ಸೇರಿಸಿಯೇ ಕೊಡ್ತಾ ಇದ್ದೀನಿ," ಎಂದು ಷಡಕ್ಷರಿ ಮೂರು ವರ್ಷದ ಪಾಲಿಸಿ ಕಾಗದಗಳ ಪ್ರತಿ ಕೊಟ್ಟಿದ್ದ. ಎಲ್ಲ ಇಂಗ್ಲಿಷು. ದೇವೀರಮ್ಮನ ಒತ್ತಾಯಕ್ಕೆ ಗಂಗಾಧರಪ್ಪನ ಬಳಿಗೆ ಹೋದರು. ಮಾರ್ಕೆಟ್ ರಸ್ತೆಯ ಒಂದು ಅಂಗಡಿಯ ಮೇಲಿನ ಕೋಣೆಯಲ್ಲಿ ಮೂವತ್ತು ವರ್ಷದಿಂದ ಇನ್ಶೂರೆನ್ಸ್ ಏಜೆಂಟ್ ಆಗಿದ್ದ ಮುದುಕ ಅವನು. ಕನ್ನಡಕವನ್ನು ಹಣೆಗೆ ಏರಿಸಿ ಕಾಗದವನ್ನು ಮೂಗಿಗೆ ತಾಗಿಸಿ ಓದುತ್ತಿದ್ದ.

"ಬೆಂಕಿ, ಬಿರುಗಾಳಿ, ನೆರೆ. ಗುಡ್ಡ ಕುಸಿದ್ರೂ ಕೊಡ್ತೀವಿ ಅಂತ ಇದೆ," ಎಂದ.

"ನೋಡು, ಇದೆ," ಎಂದ ಬೆಳ್ಳಿಯಪ್ಪ ಹೆಂಡತಿಗೆ. "ಸುಮ್ನೆ ಹೆದರ್ತೀಯ."

"ತಡೀರಿ ರೈಟ್ರೇ, ಕೊಡೋದು ದೊಡ್ಡ ಅಕ್ಷರದಲ್ಲಿ ಬರೆದಿರ್ತಾರೆ. ಕೊಡದೇ ಇರೋದು ಹಿಂದಿನ ಪುಟದಲ್ಲಿ." ಗಂಗಾಧರಪ್ಪ ಕಾಗದ ತಿರುಗಿಸಿದ. "ತುಂಬಿಸಿದ ಮಣ್ಣಿನ ಮೇಲೆ ಕಟ್ಟಿದ್ದು ಕೂತ್ರೆ ಕೊಡಲ್ಲ. ಅಡಿಪಾಯ ಸರಿಯಿಲ್ದೆ ಬಿದ್ರೆ ಕೊಡಲ್ಲ. ಅಗೆದು ತೋಡಿದ್ದರಿಂದ ಜರಿದ್ರೆ ಕೊಡಲ್ಲ. ಗೋಡೆ ಬಿರುಕು ಬಿಡೋದನ್ನಂತೂ ಕೇಳೋ ಹಾಗೇ ಇಲ್ಲ."

ದೇವೀರಮ್ಮ ಗಂಡನ ಮುಖ ನೋಡಿದಳು. ಅಗೆದು ತೋಡಿದ್ದು ಎಂಬ ಮಾತಿಗೆ ಅವನ ರೆಪ್ಪೆ ಕೂಡ ಅಲುಗಲಿಲ್ಲ. ತೊಟ್ಟಿಲು ಗುಂಡಿ ಅವನ ಪಾಲಿಗೆ ಅಗೆತವಲ್ಲ, ಬೇಸಾಯ.

"ಇನ್ನೊಂದು," ಎಂದ ಮುದುಕ. "ಮನೆ ಕೊಂಡ್ರೆ ಅದರ ಜೊತೆ ಪಾಲಿಸಿ ತಾನಾಗಿ ಬರಲ್ಲ. ನಿಮ್ಮ ಹೆಸರಿಗೆ ಹೊಸ ಅರ್ಜಿ ಬರೀಬೇಕು. ಮನೆ ಎಂಥದ್ದು, ಬಾಡಿಗೆಗೆ ಜನ ಬಂದು ಉಳೀತಾರಾ, ಹಿಂದೆ ಏನಾದ್ರೂ ಬಿದ್ದಿತ್ತಾ, ಎಲ್ಲ ಕೇಳ್ತಾರೆ. ಗೊತ್ತಿದ್ದೂ ಇಲ್ಲ ಅಂತ ಬರೆದ್ರೆ ಕಟ್ಟಿದ ಹಣ ನೀರಿಗೆ ಹಾಕಿದ ಹಾಗೆ."

ಆಮೇಲೆ ಅವನು ಮೂರೂ ಕಾಗದಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಹರಡಿದ. ಕನ್ನಡಕ ಕೆಳಗಿಳಿಸಿದ.

"ಅಮ್ಮಾ, ಈ ಷಡಕ್ಷರಿ ಎರಡು ಸಾವಿರದ ನಾಲ್ಕಲ್ಲಿ ಒಂದು ಕಂಪನಿ, ಐದರಲ್ಲಿ ಇನ್ನೊಂದು, ಆರರಲ್ಲಿ ಮತ್ತೊಂದು. ವರ್ಷಕ್ಕೊಂದು ಕಂಪನಿ ಬದಲಾಯಿಸೋನು ಯಾರು ಹೇಳಿ? ಒಂದು ಅಂಗಡೀಲಿ ಸಾಲ ಕೊಡಲ್ಲ ಅಂದಮೇಲೆ ಮುಂದಿನ ಅಂಗಡಿಗೆ ಹೋಗೋನ ಹಾಗೆ ಇದು. ಅವನು ಯಾವಾಗಾದ್ರೂ ಪರಿಹಾರ ಕೇಳಿ, ಇಲ್ಲ ಅಂದಿದ್ರಾ? ಅಷ್ಟು ಕೇಳ್ಕೊಂಡು ಬನ್ನಿ. ಆ ಇಲ್ಲ ಅಂದ ಕಾಗದ ಸಿಕ್ಕಿದ್ರೆ ನಾನು ಹೇಳೋದಕ್ಕಿಂತ ಹೆಚ್ಚು ಅದೇ ಹೇಳುತ್ತೆ."

ಕೆಳಗಿಳಿದು ಬಂದು ಎಸ್.ಟಿ.ಡಿ. ಬೂತಿನಿಂದಲೇ ಬೆಳ್ಳಿಯಪ್ಪ ಷಡಕ್ಷರಿಗೆ ಫೋನು ಮಾಡಿದ. ಮಾತಾಡಿ ಮುಗಿಸಿದಾಗ ಅವನ ಮುಖ ನಿರಾಳವಾಗಿತ್ತು.

"ತಡೆಗೋಡೆ ಒಂಚೂರು ಜರಿದಿತ್ತಂತೆ. ಮೊದಲಿನದಕ್ಕಿಂತ ಗಟ್ಟಿ ಕಟ್ಟಿಸಿದ್ದೀನಿ ಅಂದ್ರು."

"ಪರಿಹಾರ ಕೇಳಿದ್ರಂತಾ?"

"ಇನ್ಶೂರೆನ್ಸ್ ಅವರ ಸಹವಾಸ ಯಾರಿಗೆ ಬೇಕು ಅಂದು ನಕ್ರು."

ಕೇಳಿದ್ದಕ್ಕೆ ಅದು ಉತ್ತರವಲ್ಲ. ಹೌದು ಅನ್ನುವುದಕ್ಕೂ ಇಲ್ಲ ಅನ್ನುವುದಕ್ಕೂ ಬಾಯಿ ಬಾರದವರು ನಗುತ್ತಾರೆ.

ಮೇ ಮೂರನೇ ವಾರ ಗಿರಿಯ ಕಡೆ ಎರಡು ದಿನ ಜೋರು ಮಳೆಯಾಯಿತೆಂದು ಮುಸ್ತಫಾ ಸುದ್ದಿ ತಂದ. ಮಾರನೇ ಬೆಳಗ್ಗೆ ಅವಳು ಗಂಡನಿಗೆ ಚಿಕ್ಕಮಗಳೂರಿನ ಕಣ್ಣಿನ ಡಾಕ್ಟರ ಹೆಸರು ಹೇಳಿ ಮುಸ್ತಫಾನ ಜೀಪು ಹತ್ತಿದಳು. ಮದುವೆಯಾದ ಮೇಲೆ ಗಂಡನಿಗೆ ಅವಳು ಹೇಳಿದ ದೊಡ್ಡ ಸುಳ್ಳು ಅದೇ ಇರಬೇಕು.

ಮನೆಯಲ್ಲಿ ತಿಮ್ಮಮ್ಮ ಒಬ್ಬಳೇ ಇದ್ದಳು. ಇವರನ್ನು ನೋಡಿ ಬಾಗಿಲು ತೆರೆದಳು, ಕುಳಿತುಕೊಳ್ಳಿ ಎನ್ನಲಿಲ್ಲ.

"ನೀನು ಹೇಳಿದ್ದು ಅಂತ ಯಾರಿಗೂ ಹೇಳಲ್ಲ," ಎಂದಳು ದೇವೀರಮ್ಮ. "ಅವತ್ತು ಅರ್ಧಕ್ಕೆ ನಿಂತ ಮಾತು ಹೇಳು. ನಂಗೆ ಇರೋದು ಇದೊಂದೇ ಹಣ."

ತಿಮ್ಮಮ್ಮ ಸೆರಗಿನ ಅಂಚು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಅವರನ್ನು ಹಿಂಬದಿಗೆ ಕರೆದೊಯ್ದಳು.

"ಧರೆ ಜರಿದು ಈ ಗೋಡೆ ಒಳಗೆ ಬಂತು ಅಮ್ಮ. ಹಗಲು ಹನ್ನೊಂದು ಗಂಟೆ. ಟೂರಿಸ್ಟ್‌ನವ್ರು ತಿಂಡಿ ತಿಂದು ಗಿರಿಗೆ ಹೋಗಿದ್ರು, ಅದಕ್ಕೇ ಉಳಿದ್ರು. ಮಂಚದ ಮೇಲೆ ಆಳೆತ್ತರ ಮಣ್ಣು. ಇನ್ಶೂರೆನ್ಸ್‌ನವ್ರು ಬಂದು ಅಳೆದು, ಫೋಟೋ ತೆಗೆದು ಹೋದ್ರು. ಒಂದು ಪೈಸೆ ಬರ್ಲಿಲ್ಲ ಅಂತ ಯಜಮಾನ್ರು ಒಂದು ವಾರ ಬೈತಾ ಇದ್ರು."

"ಯಾಕೆ ಬರ್ಲಿಲ್ಲ?"

ತಿಮ್ಮಮ್ಮ ಅಂಗಳದ ಕಡೆ ಕೈ ತೋರಿಸಿದಳು. ಅಂಗಳದ ಅಂಚಿನಲ್ಲಿ, ತೋಟದ ನೆರಳಿಗೆ ಬೆಳೆಸುವ ಮೂರು ಸಿಲ್ವರ್ ಓಕ್ ಮರಗಳಿದ್ದವು. "ಅವುಗಳ ಬುಡ ನೋಡಿ."

ದೇವೀರಮ್ಮ ಹತ್ತಿರ ಹೋಗಿ ನೋಡಿದಳು. ಯಾವ ಮರವಾದರೂ ನೆಲ ಮುಟ್ಟುವಲ್ಲಿ ಅಗಲವಾಗುತ್ತದೆ, ಬೇರಿನ ಬೆನ್ನು ಅಲ್ಲಲ್ಲಿ ಮೇಲೆ ಕಾಣುತ್ತದೆ. ಇವು ಹಾಗಿರಲಿಲ್ಲ. ಕಾಂಡ ಮೇಲಿನಷ್ಟೇ ಸಪೂರವಾಗಿ ನೆಟ್ಟಗೆ ನೆಲದೊಳಕ್ಕೆ ಹೋಗಿತ್ತು.

"ಕಂಬ ಹುಗಿದ ಹಾಗಿದೆಯಲ್ಲ," ಎಂದ ಮುಸ್ತಫಾ.

"ಇದರ ಬುಡ ಒಂದಾಳುದ್ದ ಕೆಳಗಿದೆ ಅಣ್ಣ. ಜೇಸಿಬಿ ತಂದು ಹಿಂದೆ ಕಡಿದ ಮಣ್ಣನ್ನ ಮುಂದಕ್ಕೆ ತಳ್ಳಿದ್ರು. ಅದರ ಮೇಲೇ ಈ ಅಂಗಳ, ಹಜಾರ, ಆ ಕಿಟಕಿ."

ಅಂದರೆ ಮನೆಯ ಹಿಂದಿನರ್ಧ ಕಡಿದ ಗುಡ್ಡದ ಕೆಳಗೆ, ಮುಂದಿನರ್ಧ ತುಂಬಿಸಿದ ಮಣ್ಣಿನ ಮೇಲೆ. ದೇವೀರಮ್ಮನ ಅಂಗಾಲಿಗೆ ಅಂಗಳ ಇದ್ದಕ್ಕಿದ್ದಂತೆ ಮೆತ್ತಗಾದಂತೆ ತೋರಿತು.

ತಡೆಗೋಡೆಯ ಹಿಂದೆ ನೀರು ಕಟ್ಟಿಕೊಳ್ಳಬಾರದೆಂದು ಅದರಲ್ಲಿ ಅಲ್ಲಲ್ಲಿ ಪೈಪು ಇಟ್ಟಿರುತ್ತಾರೆ. ಇಲ್ಲಿ ಆರು ಪೈಪಿದ್ದವು. ನಾಲ್ಕಕ್ಕೆ ಸಿಮೆಂಟು ಮೆತ್ತಿ ಬಣ್ಣ ಬಳಿದಿತ್ತು. ಉಳಿದೆರಡರಿಂದ ಕೆಂಪು ನೀರು ಸುರಿಯುತ್ತಿತ್ತು. ಮಳೆ ನಿಂತು ಹದಿನೆಂಟು ಗಂಟೆಯಾಗಿತ್ತು.

"ಈ ನೀರು ಯಾವಾಗ್ಲೂ ಹೀಗೇ ಬರುತ್ತಾ?"

"ಮೊದ್ಲು ತಿಳಿಯಾಗಿ, ಸಣ್ಣಗೆ ಬರ್ತಿತ್ತು. ಕೆಂಪಗೆ ಬರೋಕೆ ಶುರುವಾಗಿದ್ದು..." ತಿಮ್ಮಮ್ಮ ತಡೆದಳು. "ಬೇಜಾರು ಮಾಡ್ಕೋಬೇಡಿ ಅಮ್ಮ. ನಿಮ್ಮೆಜಮಾನ್ರು ಮೇಲೆ ಗುಂಡಿ ತೋಡಿಸಿದ್ರಲ್ಲ, ಅವತ್ತಿಂದ."

ದೇವೀರಮ್ಮ ಮೇಲಕ್ಕೆ ಹತ್ತಿದಳು. ಧರೆಯ ಅಂಚಿನಲ್ಲಿ ಇಪ್ಪತ್ತೆರಡು ಗುಂಡಿ, ದಾರ ಹಿಡಿದು ತೋಡಿದಂತೆ ಸಾಲಾಗಿ, ಒಂದೇ ಅಳತೆ, ಒಂದೇ ಆಳ. ಎರಡು ದಿನ ಸುರಿದ ಮಳೆಗೆ ತುಂಬಿ ತುಳುಕಬೇಕಾಗಿತ್ತು. ಮೇಲಿನ ಸಾಲುಗಳ ಹಳೆಯ ಗುಂಡಿಗಳಲ್ಲಿ ಮೊಣಕಾಲುದ್ದ ನೀರಿತ್ತು. ಈ ಇಪ್ಪತ್ತೆರಡರಲ್ಲಿ ಒಂದರಲ್ಲೂ ತೊಟ್ಟು ನೀರಿರಲಿಲ್ಲ. ಕುಡಿದು ಬಾಯಿ ತೆರೆದುಕೊಂಡು ಮತ್ತೆ ಕಾಯುತ್ತಿದ್ದವು. ಅಲ್ಲಿಂದ ಬಗ್ಗಿ ನೋಡಿದರೆ ಕಾಲಡಿಯಲ್ಲೇ ಮನೆಯ ಮಾಡು.

ಆ ಸಂಜೆ ಗಂಡನ ಮುಂದೆ ಎಲ್ಲವನ್ನೂ ಹೇಳಿದಳು, ಕಣ್ಣಿನ ಡಾಕ್ಟರ ಸುಳ್ಳನ್ನೂ ಸೇರಿಸಿ. ಬೆಳ್ಳಿಯಪ್ಪನಿಗೆ ಸುಳ್ಳು ನೋಯಲಿಲ್ಲ, ಗುಂಡಿಯ ಮಾತು ನೋಯಿತು.

"ಮೂವತ್ನಾಲ್ಕು ವರ್ಷ ಗುಂಡಿ ತೋಡಿಸಿದ್ದೀನಿ. ಎಲ್ಲಾದ್ರೂ ಗುಡ್ಡ ಬಿತ್ತಾ? ಆ ಕೆಲಸದವಳು ನಂಗೆ ಕಾಫಿ ಕಲಿಸ್ತಾಳಾ?"

"ಗುಂಡಿಯ ನೀರು ಎಲ್ಲಿಗೆ ಹೋಗುತ್ತೆ ರೀ?"

"ಬೇರಿಗೆ."

"ಬೇರು ಕುಡಿದು ಉಳಿದದ್ದು?"

"ಕೆಳಗಿನ ಸಾಲಿಗೆ. ಅದಕ್ಕೂ ಕೆಳಗಿನ ಸಾಲಿಗೆ. ಇಷ್ಟು ವರ್ಷ ತೋಟದಲ್ಲಿದ್ದು ಇದೂ ಗೊತ್ತಿಲ್ವಾ?"

"ನಮ್ಮ ಎಸ್ಟೇಟಲ್ಲಿ ನೀವು ತೋಡಿಸಿದ ಗುಂಡಿಗಳ ಕೆಳಗೆ ಕಾಫಿ ಇತ್ತು. ಕಾಫಿಯ ಕೆಳಗೂ ಕಾಫಿ. ಒಂದಾದ್ರೂ ಗುಂಡಿಯ ಕೆಳಗೆ ಮನೆ ಇತ್ತಾ?"

ಬೆಳ್ಳಿಯಪ್ಪ ಎದ್ದ. ಜಗಲಿಗೆ ಹೋಗಿ ಕುಳಿತ. ಅಲ್ಲಿಂದಲೇ, "ಮುಂಗಡ ಹೋಗುತ್ತೆ. ಜೂನ್ ಮುಗಿದ್ರೆ ಎಲ್ಲಿಗೆ ಹೋಗ್ತೀಯ? ಒಂದು ಮಳೆಗಾಲ ನೋಡೋಣ, ಆಮೇಲೆ ರಿಪೇರಿ ಮಾಡಿಸೋಣ," ಎಂದ. ಮಳೆಗಾಲ ನೋಡಲು ಆ ಧರೆಯ ಕೆಳಗೆ ಮಲಗಬೇಕಲ್ಲ ಎಂದುಕೊಂಡಳು ದೇವೀರಮ್ಮ.

ಜೂನ್ ನಾಲ್ಕಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸೇರಿದರು. ಪತ್ರ ತಯಾರಾಗಿತ್ತು. ದೇವೀರಮ್ಮ ಅದನ್ನು ಮೊದಲಿಂದ ಕೊನೆಯವರೆಗೆ ಬೆರಳಿಟ್ಟು ಓದಿದಳು. ಷಡಕ್ಷರಿ ಗಡಿಯಾರ ನೋಡಿಕೊಂಡ.

"ಷಡಕ್ಷರಿಯವ್ರೇ, ಇದರಲ್ಲಿ ಮೂರು ಸಾಲು ಬಿಟ್ಟುಹೋಗಿದೆ."

"ಎಂಥದ್ದು ತಾಯಿ?"

"ಎರಡು ವರ್ಷದ ಹಿಂದೆ ಧರೆ ಜರಿದು ಗೋಡೆ ಒಳಗೆ ಬಂದದ್ದು. ಮುಂದಿನರ್ಧ ತುಂಬಿಸಿದ ಮಣ್ಣಿನ ಮೇಲಿರೋದು. ಇನ್ಶೂರೆನ್ಸ್‌ನವ್ರು ಪರಿಹಾರ ಕೊಡಲ್ಲ ಅಂದದ್ದು. ಅಷ್ಟು ಬರೆಸಿ. ಈಗ್ಲೇ ಸೈನ್ ಮಾಡ್ತೀನಿ."

ಷಡಕ್ಷರಿ ನಕ್ಕ. ಬೆಳ್ಳಿಯಪ್ಪನ ಕಡೆ ತಿರುಗಿ, "ಏನು ರೈಟ್ರೇ, ಇಂಥದ್ದನ್ನೆಲ್ಲ ಪತ್ರದಲ್ಲಿ ಯಾರಾದ್ರೂ ಬರೀತಾರಾ?" ಎಂದ.

"ಬರೀಬೇಡಿ ಹಾಗಾದ್ರೆ," ಎಂದಳು ದೇವೀರಮ್ಮ. "ಆದ್ರೆ ನಾಳೆ ಇನ್ಶೂರೆನ್ಸಿಗೆ ಅರ್ಜಿ ಬರೆಯೋಳು ನಾನು. ಅಲ್ಲಿ ಕೇಳಿದಾಗ ನಾನು ಎಂಥ ಬರೀಲಿ, ನೀವೇ ಹೇಳಿ. ನಿಜ ಬರೆದ್ರೆ ಅವ್ರು ತಗೊಳ್ಳಲ್ಲ. ಸುಳ್ಳು ಬರೆದ್ರೆ ಬಿದ್ದಾಗ ಕೊಡಲ್ಲ."

ನಗು ಅವನ ಮುಖದಿಂದ ನಿಧಾನವಾಗಿ ಇಳಿಯಿತು. "ನಾಳೆ ಐದನೇ ತಾರೀಕು. ಆಮೇಲೆ ಮುಂಗಡದ ಮಾತು ಎತ್ತಬೇಡಿ. ನಂಗೆ ಬೇರೆ ಪಾರ್ಟಿ ಇದೆ."

ಅವಳು ಗಂಡನ ಕಡೆ ನೋಡಿದಳು. ಬೆಳ್ಳಿಯಪ್ಪ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಸೈನ್ ಮಾಡು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅವಳು ಪೆನ್ನಿಗೆ ಟೋಪಿ ಹಾಕಿ ಮೇಜಿನ ಮೇಲಿಟ್ಟು ಎದ್ದಳು. ಅಮ್ಮನ ಕೊರಳಲ್ಲಿ ನೋಡಿ ಬೆಳೆದ ಅವಲಕ್ಕಿ ಸರ ಮುಂಗಡದ ರೂಪದಲ್ಲಿ ಆ ಮೇಜಿನ ಮೇಲೆ ಹೋಯಿತು. ಹೊರಗೆ ಬಂದು ಮೆಟ್ಟಿಲ ಮೇಲೆ ಅರ್ಧ ಗಳಿಗೆ ಕುಳಿತುಕೊಂಡಳು.

ಮುಸ್ತಫಾನ ಗ್ಯಾರೇಜಿನ ಹಿಂದೆ ಎರಡು ಕೋಣೆ ಖಾಲಿ ಇತ್ತು. ಅವನ ಹೆಂಡತಿ ರಶೀದಾ ಗುಡಿಸಿ ಸುಣ್ಣ ಬಳಿಸಿ ಕೊಟ್ಟಳು. ಸಾಮಾನು ಇನ್ನೂ ಬಿಚ್ಚಿರಲಿಲ್ಲ, ಆಗಲೇ ಮುಸ್ತಫಾ ಬಂದು ಬಾಗಿಲಲ್ಲಿ ನಿಂತ.

"ಆ ಮನೆ ಹೋಯ್ತು ರೈಟ್ರೇ. ಅರಸೀಕೆರೆ ಕಡೆಯವ್ರಂತೆ, ರಾಜೀವ್ ಅಂತ. ಎರಡು ಚಿಕ್ಕ ಮಕ್ಕಳು. ನಿನ್ನೆ ರಿಜಿಸ್ಟರ್ ಆಯ್ತು." ಅವನು ಬಾಗಿಲ ಚೌಕಟ್ಟಿಗೆ ಒರಗಿದ. "ಷಡಕ್ಷರಿ ಅವ್ರಿಗೆ ಹೇಳಿದ್ದು ಎಂಥ ಗೊತ್ತಾ? ದೊಡ್ಡ ಎಸ್ಟೇಟಿನ ರೈಟರ್ ಒಬ್ರು ಸ್ವಂತ ನಿಂತು ಗುಂಡಿ ತೋಡಿಸಿದ ತೋಟ ಅಂತ. ನಿಮ್ಮ ಹೆಸರು ಹೇಳಿ ಮಾರಿದ್ದಾನೆ."

ಬೆಳ್ಳಿಯಪ್ಪ ಎದ್ದು ಮೂರು ಗುದ್ದಲಿ ಹುಡುಕಿ ಜೀಪಿನಲ್ಲಿ ಹಾಕಿದ; ದೇವೀರಮ್ಮ, ಮುಸ್ತಫಾ ಇಬ್ಬರೂ ಹತ್ತಿದರು.

ಗುಡ್ಡದ ಮೇಲೆ ಮೋಡ ಕವಿದು ಗಾಳಿ ನಿಂತಿತ್ತು. ಮನೆಗೆ ಹೊಸಬರು ಇನ್ನೂ ಬಂದಿರಲಿಲ್ಲ. ಮೂವರೂ ಸೇರಿ ತೋಡಿದ ಮಣ್ಣನ್ನು ಮತ್ತೆ ಗುಂಡಿಗೆ ಎಳೆದರು. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಗುಂಡಿ ಮುಚ್ಚಿತ್ತು. ಬೆಳ್ಳಿಯಪ್ಪ ಮುಚ್ಚಿದ ಒಂದು ಗುಂಡಿಯ ಮೇಲೆ ಕಾಲಿಟ್ಟು ತುಳಿದ. ಕಾಲು ಗೆಣ್ಣಿನವರೆಗೆ ಹೂತಿತು. ಕುಡಿಯಲು ತಂದ ಕೊಡದ ನೀರನ್ನು ಅದರ ಮೇಲೆ ಸುರಿದ. ನೀರು ಒಂದು ಕ್ಷಣವೂ ನಿಲ್ಲದೆ ಒಳಗಿಳಿಯಿತು.

"ಅಗೆದ ಮಣ್ಣು ಮೊದಲಿನ ಹಾಗೆ ಆಗಲ್ಲ," ಎಂದ. ದನಿ ಬೇರೆ ಯಾರದೋ ಇದ್ದಂತಿತ್ತು. "ಮುಚ್ಚಿದ್ರೂ ಕುಡಿಯುತ್ತೆ. ಇದಕ್ಕೆ ಹತ್ತು ಮಳೆಗಾಲ ಬೇಕು."

ಕೆಳಗೆ ವ್ಯಾನು ಬಂದ ಸದ್ದಾಯಿತು. ಮಕ್ಕಳ ಕೂಗು. ಕನ್ನಡಕ ಹಾಕಿದ ಒಬ್ಬ ಅಂಗಳದಲ್ಲಿ ನಿಂತು ಮೇಲೆ ನೋಡಿ ಕೈ ಬೀಸಿದ. "ಷಡಕ್ಷರಿಯವ್ರು ಕಳಿಸಿದ ಆಳುಗಳಾ? ಚೆನ್ನಾಗಿ ಆಳ ತೆಗೀರಪ್ಪ, ಮಳೆ ಬರ್ತಾ ಇದೆ!"

ದೇವೀರಮ್ಮ ಗುದ್ದಲಿ ಬಿಟ್ಟು ಇಳಿದಳು. ಹಿಂದೆಯೇ ಬೆಳ್ಳಿಯಪ್ಪ. ಅಂಗಳದಲ್ಲಿ ನಿಂತು ಅವಳು ಎಲ್ಲವನ್ನೂ ಹೇಳಿದಳು. ಜರಿದ ಧರೆ, ಸಿಮೆಂಟು ಮೆತ್ತಿದ ಪೈಪು, ತುಂಬಿಸಿದ ಮಣ್ಣು. ರಾಜೀವನ ಹೆಂಡತಿ ಶಾಲಿನಿ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಮರ್ಯಾದೆಯಿಂದಲೇ ಕೇಳಿದಳು.

"ನೀವೂ ಈ ಮನೆ ಕೊಳ್ಬೇಕು ಅಂತ ಇದ್ರಂತಲ್ಲ ಆಂಟಿ. ದುಡ್ಡು ಸಾಲದೆ ಹೋಯ್ತು ಅಂತ ಷಡಕ್ಷರಿಯವ್ರು ಹೇಳಿದ್ರು. ಪಾಪ."

"ಇನ್ಶೂರೆನ್ಸ್ ಅರ್ಜೀಲಿ ಎಂಥ ಬರೆದ್ರಿ ಮಗಳೇ?"

"ಅವ್ರೇ ಎಲ್ಲ ತುಂಬಿಸಿ ತಂದಿದ್ರು. ಇಲ್ಲ, ಇಲ್ಲ, ಇಲ್ಲ ಅಂತ ಗೀಟು ಹಾಕಿತ್ತು. ನಾವು ಸೈನ್ ಮಾಡಿದ್ವಿ."

ಬೆಳ್ಳಿಯಪ್ಪ ರಾಜೀವನ ಮುಂದೆ ಕೈ ಮುಗಿದು ನಿಂತ. "ಸಾರ್, ಆ ಮೇಲಿನ ಸಾಲಿನ ಗುಂಡಿ ತೋಡಿಸಿದ್ದು ನಾನು. ತಪ್ಪು ಮಾಡಿದ್ದೀನಿ. ಈ ಮಳೆಗಾಲ ಇಲ್ಲಿರಬೇಡಿ."

ರಾಜೀವನಿಗೆ ಬೇರೇನೋ ಅರ್ಥವಾಯಿತು. ಮುಖ ಸಡಿಲಿಸಿ ಜೇಬಿಗೆ ಕೈ ಹಾಕಿದ. "ಕೂಲಿ ಬಾಕಿ ಉಳಿದಿತ್ತಾ ಯಜಮಾನ್ರೇ? ಎಷ್ಟು ಹೇಳಿ, ನಾನು ಕೊಡ್ತೀನಿ."

ಅವನು ಚಾಚಿದ ನೋಟನ್ನು ಬೆಳ್ಳಿಯಪ್ಪ ನೋಡುತ್ತ ನಿಂತ. ದೇವೀರಮ್ಮ ಅವನ ಮೊಣಕೈ ಹಿಡಿದು ಜೀಪಿನ ಕಡೆ ನಡೆಸಿದಳು. ಗುದ್ದಲಿಗಳು ಮೇಲೆಯೇ ಉಳಿದವು.

ಮೂರನೇ ತಿರುವಿನಲ್ಲಿ ಮಳೆ ಹಿಡಿಯಿತು. ಮೊದಲು ದಪ್ಪ ಹನಿ, ಆಮೇಲೆ ಎದುರಿನ ರಸ್ತೆ ಕಾಣದಷ್ಟು. ಮುಸ್ತಫಾ ಗಾಡಿ ನಿಧಾನ ಮಾಡಿದ. ರಸ್ತೆಬದಿಯ ಚರಂಡಿಯಲ್ಲಿ ನೀರು ಕೆಂಪಗೆ ಹರಿಯತೊಡಗಿತ್ತು. ಬೆಳ್ಳಿಯಪ್ಪ ಅದನ್ನೇ ನೋಡುತ್ತಿದ್ದ.

"ಆ ಮಗುವಿಗೆ ಎಷ್ಟು ತಿಂಗಳಿರಬಹುದು?" ಎಂದು ಕೇಳಿದ.

"ವರ್ಷ ತುಂಬಿರಲಿಕ್ಕಿಲ್ಲ," ಎಂದಳು ದೇವೀರಮ್ಮ.

"ತಿರುಗಿಸು ಮುಸ್ತಫಾ."

"ಅವ್ರು ಕೇಳಲ್ಲ ರೈಟ್ರೇ. ಬೈದು ಕಳಿಸ್ತಾರೆ."

"ಬೈಲಿ. ಅವ್ರು ಆ ಮನೆಯಿಂದ ಹೊರಗೆ ಬರೋವರೆಗೆ ನಾನು ಅಂಗಳದಲ್ಲೇ ಕೂತಿರ್ತೀನಿ. ತಿರುಗಿಸು."

ಜೀಪು ತಿರುಗಿಸಲು ಅಲ್ಲಿ ಜಾಗವಿರಲಿಲ್ಲ. ಮುಸ್ತಫಾ ತಲೆ ಹಿಂದಕ್ಕೆ ತಿರುಗಿಸಿ, ಒಂದು ಚಕ್ರ ಚರಂಡಿಯ ಅಂಚಿಗೆ ತಾಗುವಂತೆ, ಹಿಮ್ಮುಖವಾಗಿಯೇ ಗುಡ್ಡ ಏರಿಸತೊಡಗಿದ.